ಕಡತ ಮುಗಿದ ಮೇಲೆ ಹೊಲಕ್ಕೂ ಬನ್ನಿ: ಜಿಲ್ಲಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಕರ್ನಾಟಕದ 31 ಜಿಲ್ಲೆಗಳ ಜಿಲ್ಲಾಧಿಕಾರಿಗಳಿಗೆ,

ಮಾನ್ಯರೇ,

ಪ್ರತಿ ತಿಂಗಳು ನಿಮ್ಮ ಸಭಾಂಗಣದಲ್ಲಿ ಕಂದಾಯ ಇಲಾಖೆಯ ಪ್ರಗತಿ ಪರಿಶೀಲನಾ ಸಭೆ ನಡೆಯುತ್ತದೆ. ಉಪವಿಭಾಗಾಧಿಕಾರಿಗಳು, ತಹಶೀಲ್ದಾರರು, ಭೂದಾಖಲೆಗಳ ಉಪನಿರ್ದೇಶಕರು ತಂತಮ್ಮ ಅಂಕಿಅಂಶದ ತಖ್ತೆ ಹಿಡಿದು ಬಂದಿರುತ್ತಾರೆ. ಸ್ವೀಕೃತ ಎಷ್ಟು, ವಿಲೇವಾರಿ ಎಷ್ಟು, ಬಾಕಿ ಎಷ್ಟು ಎಂಬುದೇ ಅಲ್ಲಿನ ಮುಖ್ಯ ಮಾತು. ಬಾಕಿ ಇಳಿದ ತಾಲೂಕಿಗೆ ಮೆಚ್ಚುಗೆ, ಏರಿದ ತಾಲೂಕಿಗೆ ಕಾರಣ ಕೇಳುವ ನೋಟೀಸು. ಆ ತಖ್ತೆಯ ಬಗ್ಗೆ ಮಾತಾಡಲು ಈ ಪತ್ರ ಬರೆಯುತ್ತಿದ್ದೇನೆ. ಭೂನೀತಿ ವಿಧಾನಸೌಧದಲ್ಲಿ ಕಾಯ್ದೆಯಾಗುತ್ತದೆ ನಿಜ, ಆದರೆ ರೈತನ ಪಾಲಿಗೆ ಅದು ಏನಾಗುತ್ತದೆ ಎಂಬುದು ಕಂದಾಯ ಇಲಾಖೆಯ ಕೈಯಲ್ಲಿದೆ. ಆ ಇಲಾಖೆ ಯಾವ ಕೆಲಸಕ್ಕೆ ಮೈಬಗ್ಗಿಸುತ್ತದೆ ಎಂಬುದು ನೀವು ಸಭೆಯಲ್ಲಿ ಯಾವ ಅಂಕಿ ಕೇಳುತ್ತೀರಿ ಎಂಬುದನ್ನು ಅವಲಂಬಿಸಿದೆ.

ನಾನು ತಾಲೂಕು ಕಚೇರಿಯ ಎದುರು ಕೂತು ಜನರಿಗೆ ಅರ್ಜಿ ಬರೆದುಕೊಡುವವನು. ಪೌತಿ ಖಾತೆ, ಪೋಡಿ, ಹದ್ದುಬಸ್ತು, ಪಹಣಿ ತಿದ್ದುಪಡಿ, ಬಗರ್ ಹುಕುಂ ಇವೇ ನನ್ನ ದಿನದ ಕೆಲಸ. ನಿಮ್ಮ ತಖ್ತೆಗೆ ಕಾಣದ ಒಂದು ಸಂಗತಿ ನನ್ನ ಮೇಜಿನ ಮುಂದೆ ದಿನವೂ ಕಾಣುತ್ತದೆ. ವಿಲೇವಾರಿಯಾದ ಅರ್ಜಿಯ ಮನುಷ್ಯ ಮತ್ತೆ ಬರುತ್ತಾನೆ.

ಗಂಡನನ್ನು ಕಳೆದುಕೊಂಡ ತಾಯಿಯೊಬ್ಬರು, ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ ಅರ್ಜಿ ಹಾಕಿದ್ದರು. ಪಹಣಿ ಗಂಡನ ಹೆಸರಿಗೂ ಬಂದಿರಲಿಲ್ಲ, ಮಾವನ ಹೆಸರಿನಲ್ಲೇ ಇತ್ತು. ಮಾವ ತೀರಿಕೊಂಡಾಗ ಮನೆಯವರು ಯಾರೂ ಮರಣ ನೋಂದಣಿ ಮಾಡಿಸಿರಲಿಲ್ಲ. 'ಮರಣ ಪ್ರಮಾಣಪತ್ರ ಲಗತ್ತಿಸಿಲ್ಲ' ಎಂದು ಮೊದಲ ಅರ್ಜಿ ತಿರಸ್ಕೃತವಾಯಿತು. ತಡವಾದ ನೋಂದಣಿಗೆ ಉಪವಿಭಾಗಾಧಿಕಾರಿಗಳ ಆದೇಶ ಬೇಕು, ಅದಕ್ಕೊಂದು ಅರ್ಜಿ. ಆ ಆದೇಶ ತಂದು ಮತ್ತೆ ಖಾತೆಗೆ ಹಾಕಿದರೆ, ವಂಶವೃಕ್ಷದಲ್ಲಿ ನಾದಿನಿಯ ಹೆಸರು ಬಿಟ್ಟುಹೋಗಿದೆ ಎಂದು ಅದೂ ತಿರಸ್ಕೃತ. ವಂಶವೃಕ್ಷಕ್ಕೆ ಇನ್ನೊಂದು ಅರ್ಜಿ. ಅಷ್ಟು ಹೊತ್ತಿಗೆ ಕಂಪ್ಯೂಟರಿನಲ್ಲಿ ನಾಲ್ಕು ಅರ್ಜಿ ಸ್ವೀಕೃತ, ನಾಲ್ಕೂ ಅವಧಿಯೊಳಗೆ ವಿಲೇವಾರಿ. ಪಹಣಿಯಲ್ಲಿ ಮಾವನ ಹೆಸರು ಹಾಗೆಯೇ ಕೂತಿತ್ತು. ಸೊಸೈಟಿಯಲ್ಲಿ ಬೆಳೆಸಾಲ ಕೇಳಿದರೆ ಪಹಣಿ ನಿಮ್ಮ ಹೆಸರಿನಲ್ಲಿಲ್ಲ ಅಂದರು, ಬೆಳೆ ಪರಿಹಾರ ಬಂದಾಗಲೂ ಅದೇ ಉತ್ತರ. ಇದರಲ್ಲಿ ಯಾರೂ ಸುಳ್ಳು ಲೆಕ್ಕ ಬರೆದಿರಲಿಲ್ಲ. ನನಗೆ ತಿಳಿದ ಮಟ್ಟಿಗೆ ಯಾರೂ ಕೈಯೊಡ್ಡಿಯೂ ಇರಲಿಲ್ಲ. ಪ್ರತಿಯೊಬ್ಬ ನೌಕರನೂ ತನ್ನನ್ನು ಯಾವ ಅಂಕಿಯಿಂದ ಅಳೆಯುತ್ತಾರೋ ಆ ಅಂಕಿಯನ್ನು ಸರಿಯಾಗಿ ತುಂಬಿದ್ದ.

ಸಕಾಲ ಕಾಯ್ದೆಯನ್ನು ನಾನು ಕೀಳಾಗಿ ಕಾಣುವವನಲ್ಲ. 2011ರಲ್ಲಿ ಕಾಯ್ದೆಯಾಗಿ 2012ರ ಏಪ್ರಿಲ್‌ನಲ್ಲಿ ಅದು ಜಾರಿಗೆ ಬರುವ ಮುನ್ನ ಅರ್ಜಿ ಕೊಟ್ಟದ್ದಕ್ಕೆ ಒಂದು ಚೀಟಿ ಪಡೆಯುವುದೂ ಕಷ್ಟವಿತ್ತು. ಈಗ ಸಂಖ್ಯೆ ಸಿಗುತ್ತದೆ, ಅವಧಿ ಗೊತ್ತಿರುತ್ತದೆ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿವರೆಗೆ ಪರಿಹಾರ ಕೇಳುವ ಹಕ್ಕಿದೆ. ಆದರೆ ಆ ಕಾಯ್ದೆ ಅಳೆಯುವುದು ದಿನಗಳನ್ನು ಮಾತ್ರ. ಅವಧಿ ಮುಗಿಯುವ ಹಿಂದಿನ ದಿನ ತಿರಸ್ಕರಿಸಿದರೂ ಅದು ಅವಧಿಯೊಳಗಿನ ವಿಲೇವಾರಿಯೇ. ಕೆಲಸದ ಹೊರೆ ಹೊತ್ತ ಕಚೇರಿಗೆ ಮಂಜೂರು ಮಾಡುವುದು ಕಷ್ಟದ ದಾರಿ. ದಾಖಲೆ ಹುಡುಕಬೇಕು, ಸ್ಥಳಕ್ಕೆ ಹೋಗಬೇಕು, ನಾಳೆ ಯಾರಾದರೂ ಪ್ರಶ್ನಿಸಿದರೆ ಉತ್ತರ ಕೊಡಬೇಕು. ತಿರಸ್ಕಾರಕ್ಕೆ ಒಂದು ಸಾಲು ಸಾಕು. ನಿಮ್ಮ ಸಭೆಯಲ್ಲಿ ಎರಡಕ್ಕೂ ಒಂದೇ ಅಂಕ ಸಿಗುತ್ತಿರುವಾಗ ಕಷ್ಟದ ದಾರಿ ಹಿಡಿಯುವ ನೌಕರನಿಗೆ ನಾವು ಏನು ಕೊಟ್ಟಂತಾಯಿತು?

ಅಳತೆ ಸರಿಯಾಗಿದ್ದರೆ ಇಲಾಖೆ ಎಷ್ಟು ಬದಲಾಗಬಲ್ಲದು ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆಯಿದೆ. 2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆ ಬಂದು 177 ತಾಲೂಕುಗಳ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದಾಗ ಎಲ್ಲರೂ ಮಾತಾಡಿದ್ದು ಆಗ 15 ರೂಪಾಯಿಗೆ ಸಿಗುತ್ತಿದ್ದ ಪಹಣಿಯ ಬಗ್ಗೆ. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡದು ಖಾತೆ ಬದಲಾವಣೆಗೆ ತಂದ ಸರದಿಯ ನಿಯಮ. ಮೊದಲು ಬಂದ ಅರ್ಜಿ ಮೊದಲು ಮುಗಿಯಬೇಕು, ನಡುವಿನದನ್ನು ಎತ್ತಿ ಮುಂದಿಡಲು ತಂತ್ರಾಂಶ ಬಿಡುವುದಿಲ್ಲ. ಶಿಫಾರಸಿಲ್ಲದ ಮನುಷ್ಯನ ಅರ್ಜಿಗೂ ಒಂದು ಸರದಿ ಬಂತು. ಆ ನಿಯಮವನ್ನು ರೂಪಿಸಿದವರು ಕೌಂಟರಿನ ಹೊರಗೆ ನಿಂತವನ ಜಾಗದಲ್ಲಿ ನಿಂತು ಯೋಚಿಸಿದ್ದರು.

ಅದೇ ಯೋಜನೆಯಲ್ಲಿ ಅಳೆಯದೆ ಬಿಟ್ಟ ಒಂದು ಸಂಗತಿಯ ಫಲವನ್ನು ಜನ ಇಂದಿಗೂ ಅನುಭವಿಸುತ್ತಿದ್ದಾರೆ. ಕೈಬರಹದ ಪಹಣಿಯಿಂದ ಕಂಪ್ಯೂಟರಿಗೆ ಏರಿಸುವಾಗ ಹೆಸರು ತಪ್ಪಾಯಿತು, ತಂದೆಯ ಹೆಸರು ಬಿಟ್ಟುಹೋಯಿತು, 2 ಎಕರೆ 20 ಗುಂಟೆ ಇದ್ದದ್ದು 2 ಎಕರೆ 2 ಗುಂಟೆ ಆಯಿತು. ಪಹಣಿಗೂ ವಿಸ್ತೀರ್ಣದ ಮೂಲ ದಾಖಲೆಯಾದ ಆಕಾರ್‌ಬಂದ್‌ಗೂ ತಾಳೆಯಿಲ್ಲದ ಸರ್ವೆ ನಂಬರುಗಳು ಪ್ರತಿ ಹೋಬಳಿಯಲ್ಲೂ ಇವೆ. ತಪ್ಪು ಕಚೇರಿಯದ್ದು. ಆದರೂ ತಿದ್ದುಪಡಿಗೆ ಅರ್ಜಿ ಕೊಡಬೇಕಾದವನು ರೈತ. ಹಳೆಯ ಕೈಬರಹದ ನಕಲು ತೆಗೆಸಬೇಕಾದವನೂ ಅವನೇ, ಕೂಲಿ ಬಿಟ್ಟು ಓಡಾಡಬೇಕಾದವನೂ ಅವನೇ. ಕೊನೆಗೆ ತಿದ್ದುಪಡಿಯಾದ ದಿನ ಅದು ಕಚೇರಿಯ ಸಾಧನೆಯ ಕಾಲಮ್ಮಿಗೆ ಒಂದು ಅಂಕಿಯಾಗಿ ಸೇರುತ್ತದೆ. ಕಚೇರಿ ತಾನು ಮಾಡಿದ ತಪ್ಪನ್ನು ತಾನೇ ಹುಡುಕಿ, ಯಾರೂ ಕೇಳುವ ಮುನ್ನ ತಿದ್ದಿದ ಪ್ರಕರಣಗಳು ಎಷ್ಟು ಎಂಬ ಕಾಲಮ್ಮು ನಿಮ್ಮ ತಖ್ತೆಗೆ ಬರಲಿ. ಬಂದ ಮರುತಿಂಗಳೇ ಏನಾಗುತ್ತದೆ ನೋಡಿ.

ಈಗ ಪೋಡಿಯ ವಿಷಯಕ್ಕೆ ಬರುತ್ತೇನೆ. ಇದರ ಬಗ್ಗೆ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ದಯವಿಟ್ಟು ತಾಳ್ಮೆಯಿಂದ ಓದಿ. ನಮ್ಮ ಭೂನೀತಿಯ ಕೆಲಸ ಎಲ್ಲಿ ಅರ್ಧಕ್ಕೆ ನಿಲ್ಲುತ್ತದೆ ಎಂಬುದು ಇಲ್ಲಿ ಕಾಣುವಷ್ಟು ಬೇರೆಲ್ಲೂ ಕಾಣುವುದಿಲ್ಲ.

ಒಂದು ದೊಡ್ಡ ಗೋಮಾಳದ ಸರ್ವೆ ನಂಬರು ಎಂದಿಟ್ಟುಕೊಳ್ಳಿ. ಹಿಂದೆ ದರಖಾಸ್ತಿನಲ್ಲಿ ಕೆಲವರಿಗೆ ಮಂಜೂರಾಯಿತು. ಬಗರ್ ಹುಕುಂ, ಅಂದರೆ ಅನಧಿಕೃತ ಸಾಗುವಳಿಯನ್ನು ಸಕ್ರಮ ಮಾಡಿಕೊಡಿ ಎಂದು ಕೇಳಲು 1991ರಲ್ಲಿ ನಮೂನೆ 50 ಬಂತು, ಆ ದಶಕದ ಕೊನೆಗೆ ನಮೂನೆ 53, 2018ರಲ್ಲಿ ನಮೂನೆ 57. ಶಾಸಕರ ಅಧ್ಯಕ್ಷತೆಯ ಸಮಿತಿ ಕೂತು ಮಂಜೂರು ಮಾಡಿತು, ತಹಶೀಲ್ದಾರರು ಕಿಮ್ಮತ್ತು ಕಟ್ಟಿಸಿಕೊಂಡು ಸಾಗುವಳಿ ಚೀಟಿ ಕೊಟ್ಟರು. ಅಷ್ಟಾದ ದಿನ ಸರ್ಕಾರದ ಲೆಕ್ಕದಲ್ಲಿ ಒಬ್ಬ ಭೂಹೀನನಿಗೆ ಭೂಮಿ ಸಿಕ್ಕಿತು. ಪತ್ರಿಕೆಯಲ್ಲಿ ಶಾಸಕರು ಚೀಟಿ ಕೊಡುವ ಫೋಟೊ ಬಂತು. ಆದರೆ ಅವನ ಎರಡು ಎಕರೆ ಆ ನೂರಾರು ಎಕರೆಯಲ್ಲಿ ಎಲ್ಲಿದೆ ಎಂದು ಅಳೆದು, ಕಲ್ಲು ನೆಟ್ಟು, ನಕ್ಷೆ ಬರೆದು, ಹೊಸ ನಂಬರು ಕೊಡುವ ಕೆಲಸ, ಅಂದರೆ ಪೋಡಿ, ಭೂಮಾಪನ ಇಲಾಖೆಯದ್ದು. ಅದು ಬೇರೆ ಕಚೇರಿ, ಅದರ ತಖ್ತೆಯೇ ಬೇರೆ. ಮಂಜೂರಾತಿಯ ಅಂಕಿಯನ್ನು ಪೋಡಿಯ ಅಂಕಿಯ ಪಕ್ಕ ಇಟ್ಟು ಇಷ್ಟು ವರ್ಷದಲ್ಲಿ ಇಷ್ಟು ಜನರಿಗೆ ಕೊಟ್ಟಿದ್ದೇವೆ, ಅದರಲ್ಲಿ ಇಷ್ಟು ಜನರ ಜಮೀನಿಗೆ ಗಡಿ ಬಂದಿದೆ ಎಂದು ಹೇಳುವ ಹಾಳೆಯನ್ನು ನಾನಂತೂ ನಮ್ಮ ತಾಲೂಕಿನಲ್ಲಿ ಎಂದೂ ನೋಡಿಲ್ಲ.

ಪೋಡಿಯಾಗದ ಜಮೀನಿನ ಕಷ್ಟ ಏನೆಂದು ಹೇಳಬೇಕೆ? ಪಹಣಿಯಲ್ಲಿ ಮಾಲೀಕರ ಹೆಸರಿರುವ ಕಾಲಂ 9ರಲ್ಲಿ ಹತ್ತಾರು ಹೆಸರು ಒಟ್ಟಿಗೆ ಬರುತ್ತವೆ. ಒಬ್ಬ ಸಾಲ ಮಾಡಿದರೆ ಋಣದ ನಮೂದು ಎಲ್ಲರ ಪಹಣಿಯಲ್ಲೂ ಕಾಣುತ್ತದೆ. ಮಗಳ ಮದುವೆಗೋ ಆಸ್ಪತ್ರೆಗೋ ಅರ್ಧ ಎಕರೆ ಮಾರಬೇಕೆಂದರೆ ಮಾರುವ ಭಾಗವನ್ನು ತೋರಿಸುವ 11ಇ ನಕ್ಷೆ ಆಗುವುದಿಲ್ಲ, ನಕ್ಷೆ ಇಲ್ಲದೆ ನೋಂದಣಿಯಿಲ್ಲ. ಕೊಳವೆಬಾವಿ ಯಾರ ಜಾಗದಲ್ಲಿ ಎಂಬ ಜಗಳ ಠಾಣೆಗೆ ಹೋಗುತ್ತದೆ. ಪೋಡಿಗೆ ಅರ್ಜಿ ಹಾಕಿದರೆ ಮೂಲ ಮಂಜೂರಾತಿ ಕಡತ ಅಭಿಲೇಖಾಲಯದಲ್ಲಿ ಲಭ್ಯವಿಲ್ಲ ಎಂಬ ಹಿಂಬರಹ. ಸಾಗುವಳಿ ಚೀಟಿ ಕೈಯಲ್ಲಿದೆ, ಕಿಮ್ಮತ್ತು ಕಟ್ಟಿದ ರಸೀದಿ ಇದೆ, ಅಪ್ಪನ ಕಾಲದಿಂದ ಉಳುಮೆ ಇದೆ. ಕಡತ ಕಚೇರಿಯಲ್ಲಿ ಕಳೆದುಹೋಗಿದ್ದಕ್ಕೆ ಶಿಕ್ಷೆ ಅನುಭವಿಸುವವನು ಹೊರಗಿನವನು. ಕಡತ ಸಿಕ್ಕ ಕಡೆ ಇನ್ನೊಂದು ಸಂಕಟ: ಮಂಜೂರಾದ ವಿಸ್ತೀರ್ಣಗಳನ್ನೆಲ್ಲ ಕೂಡಿದರೆ ಸರ್ವೆ ನಂಬರಿನ ಒಟ್ಟು ವಿಸ್ತೀರ್ಣವನ್ನೇ ಮೀರುತ್ತದೆ. ಕೊಟ್ಟವರು ಯಾರೂ ಕೂಡಿ ನೋಡಿರಲಿಲ್ಲ, ಏಕೆಂದರೆ ಅವರನ್ನು ಕೇಳುತ್ತಿದ್ದ ಪ್ರಶ್ನೆ ಎಷ್ಟು ಚೀಟಿ ಹಂಚಿದಿರಿ ಎಂಬುದಾಗಿತ್ತು.

ಇತ್ತೀಚೆಗೆ ದರಖಾಸ್ತು ಪೋಡಿಗೆ ಸರ್ಕಾರ ಮತ್ತೆ ಕೈಹಾಕಿರುವುದು ನನಗೆ ನಿಜವಾದ ಸಂತೋಷ ತಂದಿದೆ. ಕಡತ ಇಲ್ಲದಿದ್ದರೂ ಇರುವ ದಾಖಲೆಗಳಿಂದ ದಾರಿ ಹುಡುಕುವ ಮಾತು ಕೇಳಿಬರುತ್ತಿದೆ. ಇಂಥ ಅಭಿಯಾನವನ್ನೂ 'ಅಳತೆಯಾದ ಪ್ರಕರಣ' ಎಂಬ ಒಂದೇ ಅಂಕಿಯಿಂದ ಅಳೆದುಬಿಡಬೇಡಿ ಎಂದು ಬೇಡುತ್ತೇನೆ. ಅಳತೆಯಾದ ಮೇಲೆ ಹೊಸ ಪಹಣಿ ಕೈಗೆ ಬಂತೇ, ಗಡಿಕಲ್ಲು ಜಮೀನಿನಲ್ಲಿದೆಯೇ, ಪಕ್ಕದವನ ತಕರಾರು ಉಳಿದಿದೆಯೇ ಎಂದು ಒಂದು ವರ್ಷ ಬಿಟ್ಟು ಕೇಳಿ.

ನಮೂನೆ 50ರಲ್ಲಿ ಅಪ್ಪ, 53ರಲ್ಲಿ ಅಪ್ಪ, 57ರಲ್ಲಿ ಮಗ ಹೀಗೆ ಒಂದೇ ತುಂಡು ಭೂಮಿಗೆ ಅರ್ಜಿ ಹಾಕಿದ ಕುಟುಂಬಗಳಿವೆ. ಮೂರು ತಖ್ತೆಗಳಲ್ಲಿ ಮೂರು ಬೇರೆ ಬೇರೆ ಅರ್ಜಿ, ಮೂರು ಬಾಕಿ. ನಾವು ಎಣಿಸಬೇಕಾದದ್ದು ಆ ಒಂದು ಕುಟುಂಬವನ್ನು, ಆ ಒಂದು ಜಮೀನನ್ನು. ನಾನು ಇಷ್ಟು ಪುಟ ಬರೆಯುತ್ತಿರುವುದು ಇದೊಂದು ಮಾತಿಗಾಗಿ. ಅರ್ಜಿಯ ಸಂಖ್ಯೆಯ ಬದಲು ಸರ್ವೆ ನಂಬರನ್ನೂ ಅದರ ಮೇಲೆ ಬದುಕುವ ಮನೆಯನ್ನೂ ಹಿಡಿದು, ಹಕ್ಕು ಪಹಣಿಗೆ ಬಂದು ನೆಲದ ಮೇಲೆ ನಿಲ್ಲುವ ತನಕ ಲೆಕ್ಕ ಇಡಬೇಕು.

ಬರೀ ವೇಗವನ್ನು ಅಳೆದರೆ ಏನಾಗುತ್ತದೆ ಎಂಬುದನ್ನು ಈ ನಾಡು ಒಮ್ಮೆ ದೊಡ್ಡ ಮಟ್ಟದಲ್ಲಿ ನೋಡಿದೆ. 1974ರ ಮಾರ್ಚ್ 1ರಂದು ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದು ಗೇಣಿ ಭೂಮಿ ಸರ್ಕಾರಕ್ಕೆ ನಿಹಿತವಾಯಿತು. ಹಕ್ಕು ಕೇಳಿದ ಗೇಣಿದಾರರಿಂದ ನಮೂನೆ 7ರಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದವು. ಅವನ್ನು ತೀರ್ಮಾನಿಸಲು ಮುಖ್ಯಮಂತ್ರಿ ದೇವರಾಜ ಅರಸರ ಕಾಲದಲ್ಲಿ ರಚನೆಯಾದ ಭೂನ್ಯಾಯ ಮಂಡಳಿಗಳ ಮುಂದೆ ಮೊದಮೊದಲು ವಕೀಲರಿಗೆ ಅವಕಾಶವಿರಲಿಲ್ಲ. ಗೇಣಿದಾರ ತಾನೇ ನಿಂತು, ಒಡೆಯನ ಎದುರು, ನಾನು ಉಳುತ್ತಿದ್ದೇನೆ ಎಂದು ಹೇಳಿದ. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಅದರಿಂದ ಎಷ್ಟು ಮನೆಗಳ ಬದುಕು ನೆಟ್ಟಗಾಯಿತು ಎಂಬುದು ನಿಮಗೆ ಗೊತ್ತು. ನಮ್ಮ ಆಡಳಿತದ ಇತಿಹಾಸದಲ್ಲಿ ಅದಕ್ಕಿಂತ ಘನವಾದ ಕೆಲಸವನ್ನು ನಾನು ಕಾಣೆ. ಆದರೂ ಬೇಗ ಮುಗಿಸುವ ಒತ್ತಡದಲ್ಲಿ ಸರಿಯಾಗಿ ನೋಟೀಸು ಕೊಡದೆ, ಹೇಳಿಕೆ ದಾಖಲಿಸದೆ, ಕಾರಣ ಬರೆಯದೆ ಮಾಡಿದ ಆದೇಶಗಳನ್ನು ಹೈಕೋರ್ಟು ರದ್ದುಪಡಿಸಿ ಮರುವಿಚಾರಣೆಗೆ ಕಳಿಸಿತು. ಅಂಥ ಕೆಲವು ಪ್ರಕರಣಗಳು ಮೊಮ್ಮಕ್ಕಳ ಕಾಲಕ್ಕೂ ಉಪವಿಭಾಗಾಧಿಕಾರಿಗಳ ಕಚೇರಿಯಲ್ಲಿ ಉಳಿದವು. ಅಂದು ಬೇಗ ಮುಗಿದವು ಎಂದು ಬರೆದುಕೊಂಡ ಪ್ರಕರಣಗಳು ಅವು. ಕೆಳಗಿನ ಆದೇಶಗಳಲ್ಲಿ ಮೇಲ್ಮನವಿಯಲ್ಲಿ ನಿಂತದ್ದು ಎಷ್ಟು, ಬಿದ್ದದ್ದು ಎಷ್ಟು, ಬಿದ್ದದ್ದು ಯಾವ ಕಾರಣಕ್ಕೆ ಎಂಬ ಲೆಕ್ಕ ಪ್ರತಿ ಉಪವಿಭಾಗಕ್ಕೂ ಇರಬೇಕು ಎಂದು ನಾನು ಹೇಳುವುದು ಇದಕ್ಕಾಗಿ.

ತಖ್ತೆಗೆ ಕಾಣದ ಇನ್ನೊಂದು ಹೆಣ್ಣುಮಕ್ಕಳ ವಿಷಯ. ಕರ್ನಾಟಕ 1994ರಲ್ಲೇ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಸಮಪಾಲು ಕೊಡುವ ತಿದ್ದುಪಡಿ ತಂದ ರಾಜ್ಯ, ಕೇಂದ್ರ ಅದನ್ನು ಮಾಡಿದ್ದು 2005ರಲ್ಲಿ. ಹಾಗಾದರೆ ಕಳೆದ ವರ್ಷ ನಿಮ್ಮ ಜಿಲ್ಲೆಯಲ್ಲಿ ಆದ ಪೌತಿ ಖಾತೆಗಳಲ್ಲಿ ಎಷ್ಟರಲ್ಲಿ ಹೆಣ್ಣುಮಕ್ಕಳ ಹೆಸರು ಕಾಲಂ 9ಕ್ಕೆ ಬಂದಿದೆ? ಎಷ್ಟರಲ್ಲಿ ವಂಶವೃಕ್ಷದಿಂದಲೇ ಅವರನ್ನು ಬಿಡಲಾಗಿದೆ, ಎಷ್ಟರಲ್ಲಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಲಾಗಿದೆ? ಈ ಮಾಹಿತಿ ನಿಮ್ಮದೇ ಕಚೇರಿಗಳ ಕಡತದಲ್ಲಿದೆ, ಯಾರೂ ಕೂಡಿಸಿಲ್ಲ ಅಷ್ಟೆ. ಹಾಗೆಯೇ ಪರಿಶಿಷ್ಟರಿಗೆ ಮಂಜೂರಾದ ಭೂಮಿಯ ಪರಭಾರೆ ನಿಷೇಧಿಸುವ 1978ರ ಕಾಯ್ದೆಗೆ 2023ರಲ್ಲಿ ತಿದ್ದುಪಡಿ ತಂದು ಕಾಲಮಿತಿಯ ತೊಡಕನ್ನು ತೆಗೆಯಲು ಸರ್ಕಾರ ಮುಂದಾಯಿತು. ಭೂಮಿ ಮರಳಿಸುವ ಆದೇಶ ಎಷ್ಟಾಯಿತು ಎಂದು ಕೇಳುವಾಗ, ಆದೇಶವಾದ ಕುಟುಂಬಗಳಲ್ಲಿ ಎಷ್ಟು ಮನೆಯವರು ಈ ಮುಂಗಾರಿನಲ್ಲಿ ಆ ನೆಲವನ್ನು ಉತ್ತಿದ್ದಾರೆ ಎಂದೂ ಕೇಳಬೇಕಲ್ಲವೇ?

ಅರಣ್ಯ ಹಕ್ಕು ಕಾಯ್ದೆಯ ಜಿಲ್ಲಾ ಮಟ್ಟದ ಸಮಿತಿಗೆ ನೀವೇ ಅಧ್ಯಕ್ಷರು. ರಾಜ್ಯದಲ್ಲಿ ಸಲ್ಲಿಕೆಯಾದ ಅರ್ಜಿಗಳಲ್ಲಿ ಬಹುಪಾಲು ತಿರಸ್ಕೃತವಾಗಿವೆ. ತಿರಸ್ಕೃತರನ್ನು ಒಕ್ಕಲೆಬ್ಬಿಸುವ ಕುರಿತು 2019ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಆದೇಶ ಕೊಟ್ಟು, ಅದೇ ತಿಂಗಳು ತಡೆ ಹಿಡಿದ ಮೇಲೆ ರಾಜ್ಯಗಳು ತಿರಸ್ಕಾರದ ವಿಧಾನವನ್ನೇ ಮತ್ತೆ ನೋಡಬೇಕಾಯಿತು. ಕಾರಣವನ್ನು ಅರ್ಜಿದಾರನಿಗೆ ಬರಹದಲ್ಲಿ ತಿಳಿಸಬೇಕು, ಮೇಲ್ಮನವಿಗೆ ಸಮಯ ಕೊಡಬೇಕು ಎಂದು ನಿಯಮವೇ ಹೇಳುತ್ತದೆ. ಉತ್ತರ ಕನ್ನಡದಲ್ಲೋ ಶಿವಮೊಗ್ಗದಲ್ಲೋ ತಿರಸ್ಕೃತ ಅರ್ಜಿಯ ಮನೆಗೆ ಹೋಗಿ, ನಿಮ್ಮ ಅರ್ಜಿ ಏಕೆ ಹೋಯಿತು ಗೊತ್ತೇ ಎಂದು ಕೇಳಿದರೆ ಸಾಕು, ಸಮಿತಿಯ ಕೆಲಸದ ಮೌಲ್ಯಮಾಪನ ಅಲ್ಲೇ ಆಗಿಹೋಗುತ್ತದೆ.

ಇದಕ್ಕೆಲ್ಲ ಹೊಸ ವ್ಯವಸ್ಥೆ ಬೇಕೆಂದು ನಾನು ಕೇಳುತ್ತಿಲ್ಲ. ನಿಮ್ಮ ಇಲಾಖೆಯಲ್ಲಿ ಹಳೆಯ ಕಾಲದಿಂದ ಜಮಾಬಂದಿ ಎಂಬುದಿದೆ. ವರ್ಷಕ್ಕೊಮ್ಮೆ ಮೇಲಧಿಕಾರಿ ತಾಲೂಕಿಗೆ ಬಂದು ಗ್ರಾಮ ಲೆಕ್ಕದ ಪುಸ್ತಕಗಳನ್ನು ತೆರೆಸಿ ನೋಡುವ ಪದ್ಧತಿ. ಭೂಕಂದಾಯವೇ ಸರ್ಕಾರದ ದೊಡ್ಡ ಆದಾಯವಾಗಿದ್ದ ಕಾಲದಲ್ಲಿ ಅದಕ್ಕೆ ಜೀವವಿತ್ತು. ಈಗ ಹಲವು ಕಡೆ ಅದು ಸಹಿ ಹಾಕಿ, ಹಾರ ಹಾಕಿಸಿಕೊಂಡು ಹೊರಡುವ ಕಾರ್ಯಕ್ರಮವಾಗಿದೆ. ಅದಕ್ಕೆ ಮರುಜೀವ ಕೊಡಲು ನಿಮ್ಮ ಒಂದು ಆದೇಶ ಸಾಕು. ಹೋದ ವರ್ಷ ವಿಲೇವಾರಿಯಾದ ಕಡತಗಳಲ್ಲಿ ಪ್ರತಿ ಹೋಬಳಿಯಿಂದ ಚೀಟಿ ಎತ್ತಿ ಒಂದಿಷ್ಟನ್ನು ಆರಿಸಿ. ತಿರಸ್ಕೃತವಾದವು ಅದರಲ್ಲಿ ಅರ್ಧಕ್ಕಿಂತ ಕಡಿಮೆ ಇರಬಾರದು. ಆಮೇಲೆ ತಾಲೂಕು ಕಚೇರಿಯಲ್ಲಿ ಕೂರದೆ ಆ ಊರಿನ ಚಾವಡಿಗೋ ಪಂಚಾಯಿತಿ ಕಟ್ಟೆಗೋ ಹೋಗಿ ಹೆಸರು ಕೂಗಿಸಿ. ಕಡತ ಏನು ಹೇಳುತ್ತದೆ ಎಂದು ಓದಿಸಿ, ಎದುರು ನಿಂತವನು ಏನು ಹೇಳುತ್ತಾನೆ ಎಂದು ಬರೆಸಿಕೊಳ್ಳಿ. ಪೋಡಿಯಾಯಿತು ಎಂದಿದ್ದರೆ ಭೂಮಾಪಕರನ್ನು ಕರೆದುಕೊಂಡು ಕಲ್ಲಿನ ತನಕ ನಡೆಯಿರಿ. ಉದ್ಯೋಗ ಖಾತ್ರಿಯಲ್ಲಿ ಸಾಮಾಜಿಕ ಪರಿಶೋಧನೆ ಮಾಡಿ ರೂಢಿಯಿರುವ ಊರುಗಳಿಗೆ ಇದು ಹೊಸದೇನಲ್ಲ.

ಮೌಲ್ಯಮಾಪನ ಮಾಡುವವರು ಇಲಾಖೆಯ ಒಳಗಿನವರೇ ಆಗಿದ್ದರೆ ಜನ ನಂಬುವುದು ಕಷ್ಟ. ರಾಜ್ಯದಲ್ಲಿ 2011ರಿಂದ ಕರ್ನಾಟಕ ಮೌಲ್ಯಮಾಪನ ಪ್ರಾಧಿಕಾರವಿದೆ. ಯೋಜನೆಗಳಿಂದ ಆದ ಪ್ರಯೋಜನವೇನು ಎಂದು ಅಧ್ಯಯನ ಮಾಡಿಸುವುದೇ ಅದರ ಕೆಲಸ. ಪೋಡಿ, ಪೌತಿ, ಬಗರ್ ಹುಕುಂ ಮೂರನ್ನಾದರೂ ಅದರ ಕೈಗೊಪ್ಪಿಸಿ, ವರದಿಯನ್ನು ಕನ್ನಡದಲ್ಲಿ ಪಂಚಾಯಿತಿಗಳಿಗೆ ಕಳಿಸುವಂತೆ ನೀವು 31 ಜನ ಒಟ್ಟಾಗಿ ಸರ್ಕಾರವನ್ನು ಕೇಳಿದರೆ ಬೇಡ ಎನ್ನುವುದು ಕಷ್ಟವಾಗುತ್ತದೆ.

ಒಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಬೇಕು. ನಾನು ಕೇಳುತ್ತಿರುವ ಹೊಸ ಕಾಲಮ್ಮುಗಳೆಲ್ಲ ಕೊನೆಗೆ ಗ್ರಾಮ ಆಡಳಿತಾಧಿಕಾರಿಯ ಮೊಬೈಲಿಗೆ ಇನ್ನೊಂದು ಆ್ಯಪ್ ಆಗಿ ಇಳಿಯಬಾರದು. 2024ರ ಸೆಪ್ಟೆಂಬರ್‌ನಲ್ಲಿ ಅವರು ಮುಷ್ಕರಕ್ಕೆ ಕೂತಾಗ ಹೇಳಿದ್ದ ದೂರುಗಳಲ್ಲಿ ಅದೂ ಇತ್ತು: ಹತ್ತಾರು ಆ್ಯಪ್‌ಗಳು, ಕೂರಲು ಸರಿಯಾದ ಕಚೇರಿಯಿಲ್ಲ, ಕೊಟ್ಟ ಗುರಿ ಮುಟ್ಟದಿದ್ದರೆ ನೋಟೀಸು. ಅವರಲ್ಲಿ ಬಹಳ ಮಂದಿ ಹಳ್ಳಿಯ ಮನೆಗಳಿಂದಲೇ ಬಂದ ಹುಡುಗ ಹುಡುಗಿಯರು. ಸ್ಥಳಕ್ಕೆ ಹೋಗಿ ನೋಡುವ ಮನಸ್ಸಿದ್ದರೂ ಅವರ ದಿನವೆಲ್ಲ ಅಂಕಿ ತುಂಬುವುದರಲ್ಲೇ ಕಳೆಯುತ್ತದೆ. ಒಂದು ಹೊಸ ಅಳತೆ ತಂದರೆ ಎರಡು ಹಳೆಯವನ್ನು ತೆಗೆಯಿರಿ. ತಾಲೂಕುಗಳನ್ನು ಮೊದಲ ಸ್ಥಾನ, ಕೊನೆಯ ಸ್ಥಾನ ಎಂದು ಸಾಲಾಗಿ ನಿಲ್ಲಿಸುವುದನ್ನೂ ಬಿಡಿ. ಕಾಡು, ಗೋಮಾಳ, ನಗರದ ಅಂಚಿನ ಒತ್ತುವರಿ ಎಲ್ಲವೂ ತುಂಬಿದ ತಾಲೂಕನ್ನು ಬಯಲುಸೀಮೆಯ ನೆಟ್ಟಗಿನ ತಾಲೂಕಿನ ಜೊತೆ ಹೋಲಿಸಿದರೆ ಕಷ್ಟದ ಜಾಗದಲ್ಲಿ ಪ್ರಾಮಾಣಿಕವಾಗಿ ದುಡಿಯುವವನಿಗೆ ಅನ್ಯಾಯವಾಗುತ್ತದೆ. ಒಂದು ತಾಲೂಕನ್ನು ಅದರದೇ ಹೋದ ವರ್ಷದ ಜೊತೆ ಹೋಲಿಸಿದರೆ ಸಾಕು.

ಈ ಸಾಲಿನ ಜಮಾಬಂದಿ ಶುರುವಾಗುವ ಮೊದಲು ನೀವು ಮಾಡಬಹುದಾದದ್ದು ಇಷ್ಟು. ಒಂದು ಹೋಬಳಿಯನ್ನು ಆರಿಸಿಕೊಳ್ಳಿ. ಬರುವ ದಿನಾಂಕ, ಊರು, ಹೊತ್ತು ಎಲ್ಲವನ್ನೂ ಹದಿನೈದು ದಿನ ಮುಂಚೆ ಪಂಚಾಯಿತಿಯ ಸೂಚನಾ ಫಲಕದಲ್ಲೂ ಹಾಲಿನ ಡೇರಿಯ ಗೋಡೆಯ ಮೇಲೂ ಹಾಕಿಸಿ. ತಿರಸ್ಕೃತರಾದವರು ತಮ್ಮ ಹಿಂಬರಹ ಹಿಡಿದು ಬರಲಿ ಎಂದು ಡಂಗುರ ಹಾಕಿಸಿ. ಹೆಣ್ಣುಮಕ್ಕಳು ಬಂದು ಮಾತಾಡಲು ಅನುಕೂಲವಾಗುವಂತೆ ಹೊತ್ತು ಗೊತ್ತುಮಾಡಿ, ಹಾಲು ಕರೆಯುವ ವೇಳೆ ಬೇಡ. ಅಲ್ಲಿ ಬರೆದುಕೊಂಡದ್ದನ್ನು ಮುಂದಿನ ಪ್ರಗತಿ ಪರಿಶೀಲನಾ ಸಭೆಯಲ್ಲಿ ತಖ್ತೆ ಓದುವ ಮೊದಲು ಓದಿಸಿ. ಅರ್ಜಿ ಬರೆದುಕೊಡುವ ನಮ್ಮಂಥವರನ್ನೂ ಕರೆಯಿರಿ. ಯಾರು ಎಷ್ಟು ಸಲ ಬಂದರು, ಯಾವ ಕಾರಣಕ್ಕೆ ಮರಳಿ ಹೋದರು ಎಂಬುದು ನಮ್ಮ ಹಳೆಯ ನೋಟ್‌ಪುಸ್ತಕಗಳಲ್ಲಿದೆ. ಕೇಳಿದರೆ ತಂದು ತೋರಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ತಾಲೂಕು ಕಚೇರಿ ಎದುರಿನ ಒಬ್ಬ ಅರ್ಜಿ ಬರಹಗಾರ